ಎಂಜಿ ಮಿಡ್ಜೆಟ್‌ನ ಹಿಂದಿನ ಹಬ್‌ಗಳಿಗೆ ಸೀಲ್ಡ್ ಬೇರಿಂಗ್ ಕೂರಿಸಿದ್ದು

ಕಾರು 1971ರ ಎಂಜಿ ಮಿಡ್ಜೆಟ್, ಬ್ರಿಟನ್ನಿನ ಪುಟ್ಟ ಸ್ಪೋರ್ಟ್ಸ್ ಕಾರು. 1275 ಸಿಸಿ ಎಂಜಿನ್, ರೋಸ್ಟೈಲ್ ಚಕ್ರ, ಇಂಗ್ಲೆಂಡಿನ ಮಳೆಯನ್ನೂ ಚಳಿಗಾಲದ ರಸ್ತೆ ಉಪ್ಪನ್ನೂ ಉಂಡು ಉಳಿದ ಮೈ. ಎಡ ಹಿಂಚಕ್ರದ ಟೈರಿನ ಒಳಮೈಗೆ ಎಣ್ಣೆ ಪಸೆ ಹತ್ತಿತ್ತು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಕಾರು ನಿಂತಂತೆ ಮಾಡಿ ಮೆಲ್ಲಗೆ ಜಾರುತ್ತಿತ್ತು. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ ಎಂಒಟಿ ಎಂಬ ವಾರ್ಷಿಕ ವಾಹನ ಸುರಕ್ಷತಾ ತಪಾಸಣೆ ಕಡ್ಡಾಯವಲ್ಲ. ರೋಲರ್ ಮೇಲೆ ನಿಲ್ಲಿಸಿ ಎಡಬಲ ಬ್ರೇಕಿನ ವ್ಯತ್ಯಾಸ ಹೇಳುವವರು ಯಾರೂ ಇಲ್ಲದ ಮೇಲೆ ಆ ಹೊಣೆ ಪೂರ್ತಿ ಗಾಡಿ ಇಟ್ಟವರದ್ದೇ. ಹಾಗಾಗಿ ಒಂದು ಕಡೆ ಸೋರಿದರೂ ಎರಡೂ ಕಡೆ ಬಿಚ್ಚಿ, ಸೀಲ್ಡ್ ಬೇರಿಂಗ್, ಅಂದರೆ ಎರಡೂ ಬದಿ ಮುಚ್ಚಿರುವ ಬೇರಿಂಗ್, ಹಾಕುವುದೆಂದು ತೀರ್ಮಾನಿಸಿದೆ.

ಬ್ರೇಕ್ ಡ್ರಮ್ಮಿನೊಳಗೆ ಒದ್ದೆ ಕಂಡರೆ ಅದು ಯಾವುದರದ್ದೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿ ಸೋರಬಹುದಾದದ್ದು ಎರಡು: ವೀಲ್ ಸಿಲಿಂಡರಿನ ಬ್ರೇಕ್ ಆಯಿಲ್, ಆಕ್ಸಲ್ಲಿನ ಗೇರ್ ಆಯಿಲ್. ಬ್ರೇಕ್ ಆಯಿಲ್ ತೆಳು, ನೀರಿನಲ್ಲಿ ಬೆರೆಯುತ್ತದೆ, ತಾಗಿದಲ್ಲಿ ಪೇಂಟ್ ಎದ್ದು ಬರುತ್ತದೆ. ಇಪಿ 90 ಗೇರ್ ಆಯಿಲ್ ದಪ್ಪ, ನೀರಿಗೆ ಜಗ್ಗುವುದಿಲ್ಲ, ಗಂಧಕದ ವಾಸನೆ ಕೈಬಿಟ್ಟು ಹೋಗಲು ದಿನ ಹಿಡಿಯುತ್ತದೆ. ನನ್ನದರಲ್ಲಿ ಇದ್ದದ್ದು ಎರಡನೆಯದು. ಹಳೆಯ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಈ ಆಕ್ಸಲ್ಲಿನ ರಚನೆ ತಿಳಿದುಕೊಳ್ಳದೆ ಬೇರಿಂಗ್ ಬದಲಿಸಿದರೆ ಸೋರಿಕೆ ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ. ಮಿಡ್ಜೆಟ್‌ನದು ತ್ರೀ-ಕ್ವಾರ್ಟರ್ ಫ್ಲೋಟಿಂಗ್ ಆಕ್ಸಲ್. ಹಬ್, ಅಂದರೆ ಚಕ್ರ ಕೂರುವ ಗುಂಬ, ಇರುವುದು ಆಕ್ಸಲ್ ಕೇಸಿಂಗಿನ ಕೊಳವೆಯ ತುದಿಯ ಮೇಲೆ, ಒಂದೇ ಒಂದು ಬಾಲ್ ಬೇರಿಂಗಿನಲ್ಲಿ. ಕಾರಿನ ಭಾರ ಹೊರುವುದು ಆ ಕೊಳವೆ ಮತ್ತು ಬೇರಿಂಗ್. ಹಾಫ್ ಶಾಫ್ಟ್ ಕೊಳವೆಯೊಳಗಿಂದ ಹೊರಬಂದು ತನ್ನ ಫ್ಲ್ಯಾಂಜ್ (ತುದಿಯ ಚಪ್ಪಟೆ ಬಿಲ್ಲೆ) ಮೂಲಕ ಹಬ್ಬಿನ ಹೊರಮುಖಕ್ಕೆ ಒರಗಿ ಕೂರುತ್ತದೆ. ಚಕ್ರ ತಿರುಗಿಸುವುದು ಅದರ ಕೆಲಸ, ಚಕ್ರ ವಾಲದಂತೆ ಹಿಡಿಯುವುದರಲ್ಲೂ ಅದಕ್ಕೆ ಪಾಲಿದೆ. ಮಾರಿಸ್ ಮೈನರ್ 1000, ಆಸ್ಟಿನ್-ಹೀಲಿ ಸ್ಪ್ರೈಟ್‌ಗಳಲ್ಲೂ ಇದೇ ಬಗೆಯ ಹಬ್. ಊರಿನಲ್ಲಿ ಫಿಯೆಟ್ 1100 ಅಥವಾ ಪದ್ಮಿನಿ ಇಟ್ಟುಕೊಂಡವರು ಇದನ್ನು ನೋಡಿ ಕೈಹಾಕಬೇಡಿ. ಅದು ಸೆಮಿ-ಫ್ಲೋಟಿಂಗ್, ಬೇರಿಂಗ್ ಶಾಫ್ಟಿನ ಮೇಲೆಯೇ ಕೂತಿರುತ್ತದೆ, ಅದನ್ನು ತೆಗೆಯುವ ಕ್ರಮವೇ ಬೇರೆ.

ಈಗ ಎಣ್ಣೆ ಹೋಗುವ ದಾರಿ ನೋಡಿ. ಆಕ್ಸಲ್ಲಿನ ನಡುವಿರುವ ಡಿಫರೆನ್ಷಿಯಲ್ಲಿನ ಗೇರ್ ಎರಚಿದ ಎಣ್ಣೆ ಕೊಳವೆಯೊಳಗೆ ಹಾಫ್ ಶಾಫ್ಟಿನ ಗುಂಟ ಹರಿದು ತುದಿಗೆ ಬರುತ್ತದೆ. ಅಲ್ಲಿ ಹಬ್ಬಿಗೂ ಫ್ಲ್ಯಾಂಜಿಗೂ ನಡುವೆ ಒಂದು ಪೊಳ್ಳು ಜಾಗ. ಅಲ್ಲಿಂದ ಎಣ್ಣೆಗೆ ಎರಡು ದಾರಿ. ಒಂದು, ಹಿಂದಕ್ಕೆ ತಿರುಗಿ ಬೇರಿಂಗಿನ ಗುಂಡುಗಳ ಸಂದಿಯಲ್ಲಿ ನುಸುಳಿ, ಹಬ್ಬಿನ ಒಳತುದಿಯ ಆಯಿಲ್ ಸೀಲ್ ದಾಟಿ ಬ್ರೇಕ್ ಶೂ ಮೇಲೆ. ಇನ್ನೊಂದು, ಹಬ್ಬಿನ ಹೊರಮುಖಕ್ಕೂ ಶಾಫ್ಟಿನ ಫ್ಲ್ಯಾಂಜಿಗೂ ನಡುವಿನ ಪೇಪರ್ ಗ್ಯಾಸ್ಕೆಟ್ ಮತ್ತು ಒ-ರಿಂಗ್ ದಾಟಿ, ಡ್ರಮ್ಮಿನ ಮುಖಕ್ಕೆ. ಸೀಲ್ಡ್ ಬೇರಿಂಗ್ ಮೊದಲನೆಯ ದಾರಿಗೆ ಇನ್ನೊಂದು ಬಾಗಿಲು ಹಾಕುತ್ತದೆ. ಎರಡನೆಯದನ್ನು ಅದು ಮುಟ್ಟುವುದೇ ಇಲ್ಲ. ಸೀಲ್ಡ್ ಬೇರಿಂಗ್ ಹಾಕಿದರೂ ಸೋರುತ್ತಿದೆ ಎಂದು ಗೊಣಗುವವರ ಗಾಡಿಯಲ್ಲಿ ಬಹುಪಾಲು ಎಣ್ಣೆ ಬರುತ್ತಿರುವುದು ಈ ಎರಡನೆಯ ದಾರಿಯಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಎರಡಕ್ಕೂ ಮುಂಚೆ ನೋಡಬೇಕಾದದ್ದು ಆಕ್ಸಲ್ ಕೇಸಿಂಗಿನ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿ. ಆಕ್ಸಲ್ ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿಹೋಗಿದ್ದರೆ ಆ ಒತ್ತಡ ಎಣ್ಣೆಯನ್ನು ಹಬ್ಬಿನ ಕಡೆಗೇ ತಳ್ಳುತ್ತದೆ, ಯಾವ ಸೀಲ್ ಹಾಕಿದರೂ ಬಾಳುವುದಿಲ್ಲ. ನನ್ನದು ತುಕ್ಕು ತಡೆಯಲು ಕಾರಿನ ತಳಕ್ಕೆ ಹಚ್ಚುವ ಅಂಡರ್‌ಸೀಲ್ ಬಳಿಸಿಕೊಂಡು ಕಲ್ಲಾಗಿತ್ತು. ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಸಿ, ತೆಳು ತಂತಿ ಹಾಕಿ ಬಿಡಿಸಿದೆ. ಎಣ್ಣೆಯ ಮಟ್ಟವೂ ಅಷ್ಟೇ ಮುಖ್ಯ. ಈ ಆಕ್ಸಲ್ ಹಿಡಿಯುವುದು ಒಂದು ಲೀಟರಿನ ಒಳಗೆ. ಕಾರು ಓರೆಯಾಗಿ ನಿಂತಾಗ ತುಂಬಿಸಿದರೆ ಸುಲಭವಾಗಿ ಹೆಚ್ಚಾಗುತ್ತದೆ.

ಬೇರಿಂಗ್ ಆಯ್ಕೆಗೆ ಬರೋಣ. ಹಳೆಯದನ್ನು ತೊಳೆದು ವರ್ನಿಯರ್ ಹಿಡಿದೆ: ಒಳವ್ಯಾಸ 35 ಮಿ.ಮೀ., ಹೊರವ್ಯಾಸ 72, ಅಗಲ 17. ಇದು 6207. ಮೊದಲ 6 ಎಂದರೆ ಡೀಪ್ ಗ್ರೂವ್ ಬಾಲ್ ಬೇರಿಂಗ್, 2 ಅದರ ಸರಣಿ, ಕೊನೆಯ 07ನ್ನು ಐದರಿಂದ ಗುಣಿಸಿದರೆ ಒಳವ್ಯಾಸ. ಬ್ರಿಟಿಷ್ ಕಾರಿನಲ್ಲಿ ಎಲ್ಲವೂ ಇಂಚಿನಲ್ಲಿರುತ್ತದೆ ಎಂದುಕೊಂಡವರಿಗೆ ಇದು ಒಳ್ಳೆಯ ಸುದ್ದಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಈ ನಂಬರ್ ಹೇಳಿದರೂ ಅಳತೆಯಲ್ಲಿ ಇದೇ ಮಾಲು ಸಿಗುತ್ತದೆ. ನಿಮ್ಮ ಕಾರಿನ ಹಳೆಯ ಬೇರಿಂಗ್ ಮೇಲಿನ ನಂಬರ್ ಓದದೆ, ಅಳೆಯದೆ ಮಾತ್ರ ಕೊಳ್ಳಬೇಡಿ.

ನಂಬರಿನ ಹಿಂದೆ ಬರುವ ಅಕ್ಷರಗಳಲ್ಲೇ ವ್ಯತ್ಯಾಸ ಇರುವುದು. 2ಝಡ್ ಎಂದರೆ ಎರಡೂ ಬದಿಗೆ ಲೋಹದ ತಗಡು. ಅದು ಕಸ ತಡೆಯುತ್ತದೆ, ಎಣ್ಣೆ ತಡೆಯುವುದಿಲ್ಲ. ನಮಗೆ ಬೇಕಾದದ್ದು 2ಆರ್‌ಎಸ್, ಎರಡೂ ಬದಿಗೆ ಒಳ ರೇಸಿಗೆ (ಗುಂಡುಗಳು ಓಡುವ ಒಳ ಉಂಗುರಕ್ಕೆ) ತಾಗುವ ರಬ್ಬರ್ ತುಟಿ ಇರುವ ಸೀಲ್. ಒಳಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತದೆ. ಸಾಮಾನ್ಯ ನೈಟ್ರೈಲ್ ರಬ್ಬರ್ ಗೇರ್ ಆಯಿಲ್ಲಿಗೆ ಹೆದರುವುದಿಲ್ಲ, 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನೂ ತಾಳುತ್ತದೆ. ಸಿ3 ಎಂಬ ಗುರುತಿನದ್ದನ್ನು ನಾನು ಬೇಡವೆಂದೆ. ಅದರಲ್ಲಿ ಒಳಗಿನ ಸಡಿಲ ಹೆಚ್ಚು. ಒಂದೇ ಬೇರಿಂಗ್ ಮೇಲೆ ನಿಂತ ಚಕ್ರಕ್ಕೆ ಆ ಸಡಿಲ ಸೇರಿಸುವುದು ಸರಿ ಕಾಣಲಿಲ್ಲ. ಒಳಬದಿಯ ಸೀಲನ್ನು ಕಿತ್ತುಹಾಕಿ ಒಂದೇ ಬದಿ ಮುಚ್ಚಿಡುವವರೂ ಇದ್ದಾರೆ. ನಾನು ಎರಡನ್ನೂ ಉಳಿಸಿದೆ. ಬ್ರೇಕ್ ಧೂಳು ಬರುವುದು ಒಳಬದಿಯಿಂದಲೇ.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಆಕ್ಸಲ್ ಕೇಸಿಂಗ್ ಕೆಳಗೆ ಸ್ಟ್ಯಾಂಡ್ ಇಟ್ಟು, ಕೆಲಸ ಮಾಡುವ ಬದಿ ಮೇಲಿರುವಂತೆ ನೋಡಿಕೊಂಡೆ. ಹಾಗೆ ಮಾಡಿದರೆ ಎಣ್ಣೆ ಇನ್ನೊಂದು ಬದಿಗೆ ಸರಿದು, ಶಾಫ್ಟ್ ಎಳೆದಾಗ ನೆಲದ ಮೇಲೆ ಹರಿಯುವುದಿಲ್ಲ. ಡ್ರಮ್ಮಿನ ಎರಡು ಸ್ಕ್ರೂ, ಶಾಫ್ಟಿನ ಫ್ಲ್ಯಾಂಜಿನ ಒಂದು ಸ್ಕ್ರೂ, ಆಮೇಲೆ ಶಾಫ್ಟ್ ಕೈಗೇ ಬರುತ್ತದೆ. ಲಾಕ್ ವಾಷರಿನ ಮಡಿಕೆಯನ್ನು ಚಾಣದಿಂದ ಬಿಡಿಸಿದರೆ ಹಬ್ ನಟ್. ಇಲ್ಲಿ ಒಂದು ಎಚ್ಚರ: ಎಡಗಡೆಯ ನಟ್ ಎಡ ಥ್ರೆಡ್ಡಿನದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಲಗಡೆಯದು ಎಂದಿನಂತೆ. ಈ ನಟ್ಟಿಗೆ 1 7/8 ಇಂಚಿನ ಸಾಕೆಟ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ ಗುರುತುಗಳು ನನ್ನ ನಟ್ಟುಗಳ ಮೇಲೆ ಸಾಕಷ್ಟಿದ್ದವು, ಅವನ್ನೂ ಹೊಸದು ಮಾಡಿದೆ. ಹಬ್ಬನ್ನು ಪುಲ್ಲರಿನಲ್ಲಿ ಎಳೆದೆ, ಬೇರಿಂಗ್ ಅದರೊಂದಿಗೇ ಬಂತು. ಆಯಿಲ್ ಸೀಲ್ ಕಿತ್ತು, ಬೇರಿಂಗನ್ನು ಒಳಬದಿಯಿಂದ ಹೊರಬದಿಗೆ ಒತ್ತಿ ತೆಗೆದೆ. ಹಬ್ಬಿನೊಳಗಿನ ಮೆಟ್ಟಿಲು ಒಳಬದಿಗಿರುವುದರಿಂದ ಬೇರಿಂಗ್ ಹೋಗಿಬರುವುದು ಹೊರಬದಿಯಿಂದ ಮಾತ್ರ.

ಕೊಳವೆಯ ಮೇಲೆ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಹೊಸ ಸೀಲ್ ಮತ್ತೆ ಅದೇ ಗೆರೆಯಲ್ಲಿ ಕೂತರೆ ಪ್ರಯೋಜನವಿಲ್ಲ. ಹೊಸದನ್ನು ಹಬ್ಬಿನಲ್ಲಿ ಸುಮಾರು ಒಂದೂವರೆ ಮಿ.ಮೀ. ಈಚೆಗೆ ನಿಲ್ಲಿಸಿದೆ, ತುಟಿ ನುಣುಪಾದ ಲೋಹದ ಮೇಲೆ ಬಂತು. ಗೆರೆ ಇನ್ನೂ ಆಳವಿದ್ದರೆ ಮೇಲೆ ತೆಳು ಸ್ಟೀಲ್ ಸ್ಲೀವ್ ಏರಿಸುವುದು ಒಳ್ಳೆಯದು.

ಇಡೀ ಕೆಲಸದ ಜೀವಾಳ ಇನ್ನು ಮುಂದಿದೆ. ಬೇರಿಂಗಿನ ಹೊರ ರೇಸನ್ನು ಹಬ್ಬಿನಲ್ಲಿ ಅಲುಗದಂತೆ ಹಿಡಿಯುವುದು ಯಾವುದು? ಒಂದು ಕಡೆ ಹಬ್ಬಿನ ಮೆಟ್ಟಿಲು, ಇನ್ನೊಂದು ಕಡೆ ಬೇರಿಂಗ್ ಮೇಲೆ ಕೂರುವ ಸ್ಪೇಸರ್ ಉಂಗುರ. ಆ ಸ್ಪೇಸರನ್ನು ಒತ್ತುವುದು ಹಾಫ್ ಶಾಫ್ಟಿನ ಫ್ಲ್ಯಾಂಜ್. ಹಾಗೆ ಒತ್ತಬೇಕಾದರೆ ಸ್ಪೇಸರ್ ಹಬ್ಬಿನ ಮುಖಕ್ಕಿಂತ, ಅದರ ಮೇಲಿನ ಪೇಪರ್ ಗ್ಯಾಸ್ಕೆಟ್ಟಿಗಿಂತಲೂ, ಒಂದಿಷ್ಟೇ ಇಷ್ಟು ಮೇಲೆದ್ದಿರಬೇಕು. ಕಾರ್ಖಾನೆಯ ವರ್ಕ್‌ಶಾಪ್ ಕೈಪಿಡಿ ಕೊಡುವ ಅಳತೆ 0.001ರಿಂದ 0.004 ಇಂಚು, ಅಂದರೆ 0.025ರಿಂದ 0.10 ಮಿ.ಮೀ. ಅದಕ್ಕಿಂತ ಕಡಿಮೆಯಾದರೆ ಫ್ಲ್ಯಾಂಜ್ ಹಬ್ಬನ್ನು ಹಿಡಿಯುತ್ತದೆ, ಬೇರಿಂಗನ್ನು ಹಿಡಿಯುವುದಿಲ್ಲ. ಹೊರ ರೇಸ್ ಹಬ್ಬಿನೊಳಗೆ ತೆವಳಿ ತೆವಳಿ ಹಬ್ಬನ್ನೇ ಸವೆಸುತ್ತದೆ. ಹೆಚ್ಚಾದರೆ ಫ್ಲ್ಯಾಂಜ್ ಸ್ಪೇಸರ್ ಮೇಲೆಯೇ ನಿಂತುಬಿಟ್ಟು ಗ್ಯಾಸ್ಕೆಟ್ ಸಡಿಲವಾಗಿ ಉಳಿಯುತ್ತದೆ. ಎಣ್ಣೆಯ ಎರಡನೆಯ ದಾರಿ ತೆರೆಯುವುದು ಹೀಗೆ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಕೈಪಿಡಿ ಕೊಟ್ಟಿರುವ ಅವಕಾಶ 0.075 ಮಿ.ಮೀ. ಮಾತ್ರ. ಈ ಗಾತ್ರದ ಸಾಮಾನ್ಯ ದರ್ಜೆಯ ಬೇರಿಂಗಿಗೆ ಅಂತರರಾಷ್ಟ್ರೀಯ ಮಾನದಂಡ ಅಗಲದಲ್ಲಿ ಒಪ್ಪುವ ವ್ಯತ್ಯಾಸ 0.12 ಮಿ.ಮೀ.: 17.00 ಇರಬಹುದು, 16.88 ಕೂಡ ಇರಬಹುದು, ಎರಡೂ ಲೋಪವಿಲ್ಲದ ಮಾಲೇ. ಅಂದರೆ ಯಾವ ಒಳ್ಳೆಯ ಹೆಸರಿನ ಬೇರಿಂಗ್ ತಂದರೂ, ಹಳೆಯದು ಕೂತಿದ್ದ ಜಾಗದಲ್ಲಿ ಅಳೆಯದೆ ಕೂರಿಸಿದರೆ ಸರಿಯಾಗುವುದು ಅದೃಷ್ಟದ ಮಾತು. ಬೇರಿಂಗ್ ಬದಲಿಸಿದ ಮೇಲೆ ಸೋರಲು ಶುರುವಾಯಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ.

ಅಳೆಯಲು ದೊಡ್ಡ ಸಲಕರಣೆ ಬೇಡ. ಹೊಸ ಬೇರಿಂಗನ್ನು ಹಬ್ಬಿನ ಮೆಟ್ಟಿಲಿಗೆ ತಾಗುವವರೆಗೆ ಒತ್ತಿ ಕೂರಿಸಿ. ಅದರ ಮೇಲೆ ಸ್ಪೇಸರ್ ಇಡಿ. ಸ್ಪೇಸರಿನ ಅಡ್ಡಕ್ಕೆ ಸ್ಟ್ರೇಟ್ ಎಡ್ಜ್ ಇಟ್ಟು, ಅದಕ್ಕೂ ಹಬ್ಬಿನ ಬರಿಯ ಮುಖಕ್ಕೂ ನಡುವೆ ಫೀಲರ್ ಗೇಜ್ ತೂರಿಸಿ ನೋಡಿ. ಸುತ್ತಲೂ ನಾಲ್ಕು ಕಡೆ ನೋಡಬೇಕು, ಒಂದೇ ಕಡೆ ಸಾಲದು. ಬಂದ ಅಳತೆಯಿಂದ ಗ್ಯಾಸ್ಕೆಟ್ಟಿನ ದಪ್ಪ ಕಳೆಯಿರಿ. ಎಡಗಡೆ ಬರಿಯ ಹಬ್ಬಿನಿಂದ 0.30 ಮಿ.ಮೀ. ಬಂತು, ಗ್ಯಾಸ್ಕೆಟ್ 0.25, ಉಳಿದದ್ದು 0.05. ಇದಕ್ಕಿಂತ ಸೊಗಸಾದ ಅಳತೆ ಕೇಳುವಂತಿಲ್ಲ. ಬಲಗಡೆ 0.40 ಬಂತು. ಗ್ಯಾಸ್ಕೆಟ್ ಕಳೆದರೆ 0.15, ಮಿತಿಗಿಂತ ಹೆಚ್ಚು. ದಪ್ಪ ಗ್ಯಾಸ್ಕೆಟ್ ಕತ್ತರಿಸಿ ಹಾಕಬಹುದಿತ್ತು, ಆದರೆ ದಪ್ಪ ಕಾಗದ ಕಾಲಕ್ರಮೇಣ ಹೆಚ್ಚು ಅಮರುತ್ತದೆ. ಅದರ ಬದಲು ದಪ್ಪ ಗಾಜಿನ ಮೇಲೆ ನುಣುಪಾದ ವಾಟರ್ ಪೇಪರ್ ಹಾಸಿ, ಎಣ್ಣೆ ಹಾಕಿ, ಸ್ಪೇಸರನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ನಡುನಡುವೆ ಮೈಕ್ರೋಮೀಟರಿನಲ್ಲಿ ಸುತ್ತಲೂ ದಪ್ಪ ನೋಡುತ್ತಾ 0.08 ಮಿ.ಮೀ. ತೆಗೆದೆ. ಉಳಿದದ್ದು 0.07. ಅಳತೆ ಕಡಿಮೆ ಬಂದವರು ತೆಳು ಗ್ಯಾಸ್ಕೆಟ್ ಹುಡುಕಬೇಕು, ಅಥವಾ ಸ್ಪೇಸರಿನ ಕೆಳಗೆ ತೆಳು ಸ್ಟೀಲ್ ತಗಡಿನ ಉಂಗುರ (ಶಿಮ್) ಕೊಡಬೇಕು.

ಸೀಲ್ಡ್ ಬೇರಿಂಗಿಗೆ ಮಾತ್ರ ಅನ್ವಯಿಸುವ ತಪಾಸಣೆ ಇನ್ನೊಂದಿದೆ. ಸ್ಪೇಸರ್ ಹೊರ ರೇಸನ್ನಷ್ಟೇ ಮುಟ್ಟಬೇಕು, ನಟ್ಟಿನ ಕೆಳಗಿನ ವಾಷರ್ ಒಳ ರೇಸನ್ನಷ್ಟೇ ಒತ್ತಬೇಕು. ರಬ್ಬರ್ ಸೀಲಿಗೆ ಎರಡೂ ತಾಗಬಾರದು. ಸೀಲ್ ರೇಸುಗಳ ಮುಖಕ್ಕಿಂತ ಕೊಂಚ ತಗ್ಗಿನಲ್ಲಿರುವುದರಿಂದ ಚಪ್ಪಟೆಯಾದ ವಾಷರ್ ಸಾಮಾನ್ಯವಾಗಿ ತಾಗುವುದಿಲ್ಲ. ಹಳೆಯ ವಾಷರ್ ಬಟ್ಟಲಿನಂತೆ ಬಾಗಿದ್ದರೆ ತಾಗುತ್ತದೆ. ಸೀಲಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿದು, ಒಮ್ಮೆ ಜೋಡಿಸಿ ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ಬಣ್ಣ ಹಾಗೆಯೇ ಇತ್ತು.

ಬೇರಿಂಗ್ ಕೂರಿಸುವಾಗ ಬಿಸಿಯ ವಿಷಯದಲ್ಲಿ ಹಳೆಯ ಅಭ್ಯಾಸ ಬಿಡಬೇಕು. ತೆರೆದ ಬೇರಿಂಗನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಹಿಗ್ಗಿಸುವ ಪದ್ಧತಿ ಇಲ್ಲಿ ಸಲ್ಲದು. ಗ್ರೀಸ್ ತೊಳೆದುಹೋಗುತ್ತದೆ, ಮೇಲಾಗಿ ಸೀಲ್ ಇರುವ ಬೇರಿಂಗನ್ನು ಜೋಡಿಸುವಾಗ 80 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು. ನಾನು ಬೇರಿಂಗನ್ನು ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ಹಬ್ಬನ್ನು ಬಿಸಿನೀರಿನಲ್ಲಿ ಕಾಯಿಸಿ ಒರೆಸಿ ಒಣಗಿಸಿದೆ. ಹೊರ ರೇಸಿನ ಮೇಲೆ ಹಳೆಯ ಬೇರಿಂಗಿನ ರೇಸ್ ಇಟ್ಟು ವೈಸಿನಲ್ಲಿ ನೇರವಾಗಿ ಒತ್ತಿದಾಗ ತಕರಾರಿಲ್ಲದೆ ಮೆಟ್ಟಿಲಿಗೆ ಹೋಗಿ ನಿಂತಿತು.

ಹಬ್ಬಿಗೆ ಹಾಕುವಾಗ ಹೊರ ರೇಸಿಗೆ ಒತ್ತಡ, ಕೊಳವೆಯ ಮೇಲೆ ಏರಿಸುವಾಗ ಒಳ ರೇಸಿಗೆ ಒತ್ತಡ. ಇದನ್ನು ಅದಲುಬದಲು ಮಾಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದು ರೇಸಿನಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ, ಸಾವಿರ ಮೈಲಿಯೊಳಗೆ ಬೇರಿಂಗ್ ಗುಂಯ್‌ಗುಡಲು ಶುರುಮಾಡುತ್ತದೆ. ಏರಿಸುವ ಮೊದಲು ಆಯಿಲ್ ಸೀಲಿಗೂ ಬೇರಿಂಗಿಗೂ ನಡುವಿನ ಜಾಗದಲ್ಲಿ ಗ್ರೀಸ್ ಸವರಿದೆ. ಮೊದಲು ಈ ಸೀಲಿನ ತುಟಿಗೆ ಆಕ್ಸಲ್ ಎಣ್ಣೆಯೇ ಜಾರಿಕೆ ಕೊಡುತ್ತಿತ್ತು. ಈಗ ಸೀಲ್ಡ್ ಬೇರಿಂಗ್ ಆ ಎಣ್ಣೆಯನ್ನು ತಡೆದಿರುವುದರಿಂದ ತುಟಿ ಒಣಗಿ ಉಜ್ಜಿ ಸುಟ್ಟುಹೋಗುತ್ತದೆ. ಈ ಬದಲಾವಣೆ ಮಾಡಿದವರಲ್ಲಿ ಹಲವರು ಇದೊಂದನ್ನು ಮರೆಯುತ್ತಾರೆ. ಸೀಲ್ಡ್ ಬೇರಿಂಗ್ ಇದ್ದಮೇಲೆ ಆಯಿಲ್ ಸೀಲೇ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ರಸ್ತೆಯ ನೀರು, ಬ್ರೇಕ್ ಧೂಳು ಬೇರಿಂಗಿನ ತುಟಿಗೆ ಬಡಿಯದಂತೆ ಕಾಯುವುದು ಅದೇ.

ಹೊಸ ಲಾಕ್ ವಾಷರ್, ಹೊಸ ನಟ್, 140 ಪೌಂಡ್-ಅಡಿ ಟಾರ್ಕ್, ಅಂದರೆ 190 ನ್ಯೂಟನ್-ಮೀಟರ್. ಹಬ್ಬನ್ನು ಕೈಯಲ್ಲಿ ತಿರುಗಿಸಿದರೆ ತೆರೆದ ಬೇರಿಂಗಿನಂತೆ ಹಗುರವಾಗಿ ಓಡುವುದಿಲ್ಲ, ಎರಡು ತುಟಿಗಳ ಹಿಡಿತ ಒಂದೇ ಸಮನಾಗಿ ಕೈಗೆ ಸಿಗುತ್ತದೆ. ಅದು ಸಹಜ. ಎಲ್ಲಾದರೂ ಒಂದು ಕಡೆ ಮಾತ್ರ ಬಿಗಿ ಅನಿಸಿದರೆ ಬಿಚ್ಚಿ ನೋಡಬೇಕು.

ಫ್ಲ್ಯಾಂಜ್ ಹಾಕುವ ಮುನ್ನ ಅದರ ಮುಖಕ್ಕೂ ಸ್ಟ್ರೇಟ್ ಎಡ್ಜ್ ಹಿಡಿದೆ. ಸ್ಕ್ರೂ ರಂಧ್ರದ ಸುತ್ತ ಲೋಹ ಉಬ್ಬಿತ್ತು, ನಯ ಅರದಲ್ಲಿ ಸಮ ಮಾಡಿದೆ. ಹಬ್ಬಿನ ತೋಡಿಗೆ ಹೊಸ ಒ-ರಿಂಗ್, ಗ್ಯಾಸ್ಕೆಟ್ಟಿನ ಎರಡೂ ಮೈಗೆ ಗಟ್ಟಿಯಾಗದ ಸೀಲಂಟಿನ ತೆಳು ಲೇಪ. ಲೇಪ ದಪ್ಪವಾದರೆ ಅಷ್ಟು ಕಷ್ಟಪಟ್ಟು ಹೊಂದಿಸಿದ ಅಳತೆಯೇ ಕೆಡುತ್ತದೆ. ಫ್ಲ್ಯಾಂಜಿನ ಆ ಒಂಟಿ ಸ್ಕ್ರೂ ಶಾಫ್ಟನ್ನು ಜಾಗದಲ್ಲಿ ನಿಲ್ಲಿಸಲು ಮಾತ್ರ. ನಿಜವಾದ ಬಿಗಿ ಬರುವುದು ಚಕ್ರದ ನಾಲ್ಕು ನಟ್ಟುಗಳಿಂದ. ಚಕ್ರ, ಡ್ರಮ್, ಫ್ಲ್ಯಾಂಜ್, ಹಬ್ ಎಲ್ಲವನ್ನೂ ಒಟ್ಟಿಗೆ ಹಿಡಿಯುವುದು ಅವೇ. ಹಾಗಾಗಿ ಅವನ್ನು ಟಾರ್ಕ್ ರೆಂಚಿನಲ್ಲೇ, 45 ಪೌಂಡ್-ಅಡಿಗೆ, ಎದುರುಬದುರಾಗಿ ಬಿಗಿದೆ. ಚಕ್ರ ತೆಗೆದಿಟ್ಟು ಎಣ್ಣೆ ತುಂಬಿಸಿ ಸೋರಿಕೆ ಪರೀಕ್ಷಿಸಿದರೆ ಫಲಿತಾಂಶ ನಂಬುವಂತಿಲ್ಲ.

ಎಣ್ಣೆ ಕುಡಿದ ಶೂಗಳನ್ನು ತೊಳೆದು ಮತ್ತೆ ಹಾಕುವ ಯೋಚನೆ ಬೇಡ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಬದಿಗೆ ಹೊಸ ಶೂ ಹಾಕಿ, ಬ್ಯಾಕ್‌ಪ್ಲೇಟ್ ಹಿಂದಿನ ಚೌಕ ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಮೊದಲು ಹೊಂದಿಸಿದೆ, ಹ್ಯಾಂಡ್‌ಬ್ರೇಕ್ ಕೇಬಲ್ ಮುಟ್ಟಿದ್ದು ಆಮೇಲೆ. ಕಾರು ಸಮನೆಲದಲ್ಲಿ ನಿಂತಾಗ ಡಿಫರೆನ್ಷಿಯಲ್ ಹಿಂದಿನ ಪ್ಲಗ್ ತೆಗೆದು, ರಂಧ್ರದ ಅಂಚಿನವರೆಗೆ ಇಪಿ 90 ತುಂಬಿ, ಹೆಚ್ಚಾದದ್ದು ಹರಿದು ನಿಲ್ಲುವವರೆಗೆ ಕಾದು ಮುಚ್ಚಿದೆ.

ಮೋಟರ್‌ವೇಯಲ್ಲೂ ಹಳ್ಳಿ ರಸ್ತೆಗಳಲ್ಲೂ ಚೆನ್ನಾಗಿ ಓಡಿಸಿ, ಆಕ್ಸಲ್ ಬಿಸಿಯಿರುವಾಗಲೇ ಎರಡೂ ಡ್ರಮ್ ತೆಗೆದೆ. ಬ್ಯಾಕ್‌ಪ್ಲೇಟ್, ಶೂ, ಡ್ರಮ್ಮಿನ ಮುಖ ಮೂರೂ ಒಣಗಿದ್ದವು. ಬಲಗಡೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ತೆಳು ಪಸೆ ಕಂಡಿತು. ಒರೆಸಿ ಮತ್ತೆ ಓಡಿಸಿ ನೋಡಿದಾಗ ಅಲ್ಲಿ ಹೊಸದೇನೂ ಬಂದಿರಲಿಲ್ಲ, ಹಿಂದಿನದು ಹೊರಚಿಮ್ಮಿದ ಸೀಲಂಟ್ ಇರಬೇಕು. ಹ್ಯಾಂಡ್‌ಬ್ರೇಕ್ ಈಗ ನಾಲ್ಕನೆಯ ಹಲ್ಲಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಬೇರಿಂಗ್ ನಂಬರ್, ಎರಡೂ ಬದಿಯ ಸ್ಪೇಸರ್ ಅಳತೆ, ಹಾಕಿದ ಗ್ಯಾಸ್ಕೆಟ್ಟಿನ ದಪ್ಪ ಇಷ್ಟನ್ನೂ ಕಾರಿನ ಸರ್ವೀಸ್ ಪುಸ್ತಕದಲ್ಲಿ ಬರೆದಿಟ್ಟೆ. ಎಡಬಲದ ಸ್ಪೇಸರ್‌ಗಳು ಈಗ ಒಂದೇ ದಪ್ಪದವಲ್ಲ, ಮುಂದೆ ಬಿಚ್ಚುವವರು ಅವನ್ನು ಅದಲುಬದಲು ಮಾಡದಂತೆ ಒಂದೊಂದರ ಹೊರ ಅಂಚಿನಲ್ಲಿ ಎಡ, ಬಲ ಎಂದು ಕೆತ್ತಿದ್ದೇನೆ.